ಘಾಟಿಯಲ್ಲಿ ಲಿಫ್ಟ್ ಕೇಳುವ ಲಿಂಗಪ್ಪ

ಕಲ್ಲು ಸರಿಯಾಗಿ ಹಿಂದಿನ ಟೈರಿನ ಬುಡಕ್ಕೆ ಬೀಳುತ್ತದೆ. ಬಿಳಿ ಕಾರು ಒಂದು ಗೇಣು ಹಿಂದಕ್ಕೆ ಜಾರಿ, ಕಲ್ಲಿಗೆ ಒರಗಿ ನಿಲ್ಲುತ್ತದೆ. ಒಳಗೆ ಯಾರೋ ಕಿರುಚಿ ಸುಮ್ಮನಾಗುತ್ತಾರೆ. ಬೆಳಕು ಚೆನ್ನಾಗಿ ಹರಿದಿದೆ, ಮಂಜಿಲ್ಲ. ತಿರುವಿಗೆ ಅಡ್ಡಲಾಗಿ ನಿಂತ ಕಾರಿನ ಎಂಜಿನ್ ಮೂರನೆಯ ಸಲ ಆಫ್ ಆಗಿದೆ. ಕಲ್ಲು ಇಟ್ಟ ಮನುಷ್ಯ ಕೈಯ ಕೆಸರನ್ನು ಲುಂಗಿಗೆ ಒರೆಸಿಕೊಂಡು, ಕೊಡೆ ಮಡಚಿ, ಡ್ರೈವರ್ ಕಡೆಯ ಗಾಜಿನ ಮೇಲೆ ಬೆರಳಿನಿಂದ ಮೆತ್ತಗೆ ತಟ್ಟುತ್ತಾರೆ. ಗಾಜು ಇಳಿಯುತ್ತದೆ. ಸ್ಟಿಯರಿಂಗ್ ಹಿಡಿದ ಕೈಗಳು ಬಿಗಿಯಾಗಿಯೇ ಇವೆ.

“ಬಾರ್ಡರ್ ಕಡೆಗಾ ಸಾರ್? ನನ್ನ ಅಲ್ಲೀತನಕ ಬಿಡ್ತೀರಾ? ಬಸ್ಸು ಕೈ ಕೊಡ್ತು ಮಾರಾಯ್ರೆ.”

ಪ್ರಶ್ನೆ ಅರ್ಥವಾಗಲು ಕಾರಿನವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ. ಪಕ್ಕದಲ್ಲಿರುವ ಹೆಂಡತಿಯ ಕಡೆ ನೋಡುತ್ತಾರೆ, ಹಿಂದಿನ ಸೀಟಿನ ಮಕ್ಕಳ ಕಡೆ ನೋಡುತ್ತಾರೆ, ಆಮೇಲೆ ತಲೆಯಾಡಿಸುತ್ತಾರೆ. ಲುಂಗಿಯವರು ಅಷ್ಟಕ್ಕೆ ಬಿಡುವುದಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಸವರುತ್ತಾರೆ. ತಾನು ಹಳೆಯ ಬಸ್ ಡ್ರೈವರು, ಈ ಮಾಡೆಲ್ಲನ್ನು ಇದುವರೆಗೆ ಮುಟ್ಟಿಯೇ ಇಲ್ಲ, ಹೊಸ ಗಾಡಿ ಕಂಡರೆ ಕೈ ತುರಿಸುತ್ತದೆ, ನಾಲ್ಕು ತಿರುವು ಓಡಿಸಲು ಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ ಎನ್ನುತ್ತಾರೆ. ಕಾರಿನ ಯಜಮಾನರ ಭುಜಗಳು ನಿಧಾನವಾಗಿ ಕೆಳಗಿಳಿಯುತ್ತವೆ. ಪಾಪ, ಆಸೆಪಡುತ್ತಿದ್ದಾರೆ ಎಂದು ಹೆಂಡತಿಗೆ ಹೇಳಿ ಸೀಟು ಬಿಟ್ಟುಕೊಡುತ್ತಾರೆ. ಕಾರು ಒಂದು ಸಲವೂ ಉಸಿರು ಕಟ್ಟದೆ ತಿರುವು ಹತ್ತಿ ಮರಗಳ ಮರೆಗೆ ಹೋಗುತ್ತದೆ. ರಸ್ತೆಯ ಮೇಲೆ ಕಲ್ಲೊಂದು ಉಳಿಯುತ್ತದೆ. ಚಾ ಅಂಗಡಿಯಿಂದ ಹೆಂಗಸೊಬ್ಬರು ಬಂದು ಅದನ್ನು ಕಾಲಿನಿಂದಲೇ ಅಂಚಿಗೆ ಸರಿಸುತ್ತಾರೆ.

ಕಾರು ಓಡಿಸಿಕೊಂಡು ಹೋದವರು ಕೆರೆಕಟ್ಟೆಯ ಲಿಂಗಪ್ಪ. ಕಲ್ಲು ಸರಿಸಿದವರು ಅವರ ಹೆಂಡತಿ ವನಜಮ್ಮ. ಲಿಂಗಪ್ಪನವರ ಕೆಲಸಕ್ಕೆ ಹೆಸರಿಲ್ಲ. ಘಾಟಿಯಲ್ಲಿ ಧೈರ್ಯ ಕಳೆದುಕೊಂಡವರ ಗಾಡಿಗಳನ್ನು ಬಾರ್ಡರಿನವರೆಗೆ ಓಡಿಸಿಕೊಡುವುದು, ಬಸ್ಸಿನಲ್ಲಿ ವಾಪಸು ಬರುವುದು. ಸುಮಾರು ಹತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ. ಇದುವರೆಗೆ ಯಾರನ್ನೂ ‘ಹೆದರಿದ್ದೀರಾ’ ಎಂದು ಅವರು ಕೇಳಿಲ್ಲ.

ಈ ದಾರಿಗೆ ಈಗ ಮೊಬೈಲಿನಲ್ಲಿ ಹೆಸರೇ ಬಿದ್ದಿದೆ, ‘ಕೆರೆ-ಬೆಟ್ಟ ಸುತ್ತು’ ಎಂದು. ನರಸಿಂಹರಾಜಪುರದಲ್ಲಿ ಭದ್ರಾ ಹಿನ್ನೀರು ನೋಡಿಕೊಂಡು ಕೊಪ್ಪ, ಶೃಂಗೇರಿ, ನೆಮ್ಮಾರ್ ದಾಟಿದರೆ ಕೆರೆಕಟ್ಟೆ. ಅಲ್ಲಿಂದ ಕಾಡಿನ ತಿರುವುಗಳಲ್ಲಿ ಹಳೆಯ ದಕ್ಷಿಣ ಕನ್ನಡದ ಬಾರ್ಡರಿಗೆ ಏರಿ, ಎಡಕ್ಕೆ ಹೊರಳಿ ಕುದುರೆಮುಖ, ಕಳಸ, ಬಾಳೆಹೊನ್ನೂರು, ಕೊನೆಗೆ ಮತ್ತೆ ಅದೇ ಹಿನ್ನೀರು. ಶನಿವಾರ ಭಾನುವಾರ ಕಾರು, ಬೈಕುಗಳ ಸಾಲು. ಹಿನ್ನೀರಿನ ಪಕ್ಕದಲ್ಲಿ ರಸ್ತೆ ಅಷ್ಟಾಗಿ ಏರುವುದಿಲ್ಲ. ನೀರಿನಲ್ಲಿ ನಿಂತ ಒಣ ಬೊಡ್ಡೆಗಳ ಮೇಲೆ ಹಕ್ಕಿಗಳು ಕೂತಿರುತ್ತವೆ. ಗಾಜು ಇಳಿಸಿ, ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಹೋಗಬಹುದು. ಅಲ್ಲಿ ಎಲ್ಲರೂ ಒಳ್ಳೆಯ ಡ್ರೈವರುಗಳೇ. ನೆಮ್ಮಾರ್ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ಒತ್ತಿ ಬರುತ್ತದೆ, ಮೊಬೈಲಿನ ಸಿಗ್ನಲ್ ಸಾಯುತ್ತದೆ. ಎದುರಿನಿಂದ ಬಸ್ಸು ಬಂದಾಗ ತನ್ನ ಗಾಡಿ ಎಷ್ಟು ಅಗಲವಿದೆ ಎಂಬುದು ಒಮ್ಮೆಗೇ ಮರೆತುಹೋಗುತ್ತದೆ.

ಅಂಥ ಹೊತ್ತಿಗೆ ಕೊಡೆ ಹಿಡಿದ ಒಬ್ಬ ಮನುಷ್ಯ ಲಿಫ್ಟ್ ಕೇಳುತ್ತಾನೆ.

ಆದರೆ ಈ ಮಳೆಗಾಲ ಲಿಂಗಪ್ಪನವರ ಪಾಲಿಗೆ ಎಂದಿನಂತಿಲ್ಲ. ಅವರ ಬಲಗಣ್ಣಿಗೆ ಪೊರೆ ಬಂದಿದೆ. ಶೃಂಗೇರಿಯಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ವೈದ್ಯರು ಅದನ್ನು ತೋರಿಸಿಕೊಟ್ಟು, ಆಪರೇಷನ್ ತಡಮಾಡಬೇಡಿ, ಅಲ್ಲಿಯವರೆಗೆ ಬೆಳಕು ಕಡಿಮೆಯಿದ್ದಾಗ ಗಾಡಿ ಮುಟ್ಟಬೇಡಿ ಎಂದಿದ್ದಾರೆ. ಮಂಜಿನಲ್ಲಿ ಎದುರಿನ ಗಾಡಿಯ ದೀಪ ಹೂವಿನಂತೆ ಒಡೆದು ಕಾಣುತ್ತದೆ. ಲಿಂಗಪ್ಪ ಶಿಬಿರದಿಂದ ಬಂದವರೇ ದಸರಾ ಕಳೆಯಲಿ ಎಂದುಬಿಟ್ಟರು. ವನಜಮ್ಮ ಒಂದು ಷರತ್ತು ಹಾಕಿದರು. ಮಂಜು ಬಿದ್ದ ಹೊತ್ತಿನಲ್ಲಿ ಯಾರ ಗಾಡಿಗೂ ಹತ್ತಬಾರದು. ಲಿಂಗಪ್ಪ ಒಪ್ಪಿದರು. ಆದರೆ ಕಾರಣ ಮಾತ್ರ ಯಾರಿಗೂ ಹೇಳುವುದಿಲ್ಲ ಎಂದರು. ಬೆಳಿಗ್ಗೆ ಈ ವಿಷಯ ಬರೆಯಬೇಡಿ ಎಂದು, ತಮ್ಮ ಬಗ್ಗೆ ಬರೆಯಲು ಬಂದ ನನ್ನಲ್ಲಿ ಕೇಳಿಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಆ ಮಾತಿಗೆ ಅರ್ಥ ಉಳಿಯಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

“ಡ್ರೈವರಿಗೆ ಕಣ್ಣು ಕಾಣ್ಸಲ್ಲ ಅಂತ ಒಂದ್ಸಲ ಬಾಯಿಂದ ಬಿತ್ತಾ, ಮುಗೀತು,” ಎನ್ನುತ್ತಾರೆ ಲಿಂಗಪ್ಪ. “ಆಮೇಲೆ ಆಪ್ರೇಷನ್ ಮಾಡ್ಸಿ ಹದ್ದಿನ ಕಣ್ಣು ಬಂದ್ರೂ ಯಾರೂ ಕೀಲಿ ಕೊಡಲ್ಲ.”

ಒಲೆಯ ಮುಂದಿನಿಂದ ವನಜಮ್ಮ ಸೇರಿಸುತ್ತಾರೆ: “ಹದ್ದು ಅಂತೆ. ನಿನ್ನೆ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಅದನ್ನ ಕೈಯಲ್ಲಿ ಹಿಡ್ಕಂಡೇ ಕೇಳಿದ್ರು.”

ಲಿಂಗಪ್ಪ ಹುಟ್ಟಿದ್ದು ಕೆರೆಕಟ್ಟೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಏಳನೆಯ ತರಗತಿಗೆ ಶಾಲೆ ಬಿಟ್ಟು ಮರದ ಲಾರಿಗೆ ಕ್ಲೀನರ್ ಆದರು. ಲಾರಿ ರಿವರ್ಸ್ ತೆಗೆಯುವಾಗ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನುವುದು ಅವರ ಮೊದಲ ವಿದ್ಯೆ. ಆಮೇಲೆ ಖಾಸಗಿ ಬಸ್ಸಿಗೆ ಡ್ರೈವರಾಗಿ ಶೃಂಗೇರಿಯಿಂದ ಕಾರ್ಕಳಕ್ಕೆ ದಿನಕ್ಕೆ ಎರಡು ಟ್ರಿಪ್. ಬೆಳಗಿನ ಟ್ರಿಪ್ಪಿನಲ್ಲಿ ಹಾಲಿನ ಕ್ಯಾನು, ಶಾಲೆಯ ಟೀಚರುಗಳು. ಸಂಜೆಯದರಲ್ಲಿ ಆಸ್ಪತ್ರೆಗೆ ಹೋಗಿಬಂದವರು, ಮೀನಿನ ಬುಟ್ಟಿ. ಬುಟ್ಟಿ ಬಸ್ಸಿನ ಮೇಲಿದ್ದರೂ ವಾಸನೆ ಮಾತ್ರ ಒಳಗೇ ಪ್ರಯಾಣ ಮಾಡುತ್ತಿತ್ತಂತೆ.

ಈಗಿನ ಕೆಲಸ ಶುರುವಾದದ್ದು ಆ ಬಸ್ಸಿನಿಂದಲೇ. ಒಂದು ಆಷಾಢದ ದಿನ ತಿರುವಿನ ನಡುವೆ ಕಾರೊಂದು ನಿಂತುಬಿಟ್ಟಿತು. ಹಿಂದೆ ಲಿಂಗಪ್ಪನವರ ಬಸ್ಸು, ಅದರ ಹಿಂದೆ ಇನ್ನೆರಡು ಲಾರಿ. ಕಾರಿನವರಿಗೆ ಮುಂದೆ ಹೋಗಲೂ ಧೈರ್ಯವಿಲ್ಲ, ಹಿಂದೆ ಬರಲೂ ಬರುವುದಿಲ್ಲ. ಬಸ್ಸಿನ ಜನ ಇಳಿದು ಬಯ್ಯತೊಡಗಿದರು. ಗಾಡಿ ಓಡಿಸಲು ಬಾರದ ಮೇಲೆ ಮನೆಯಲ್ಲಿ ಇರಬಾರದಿತ್ತೇ ಎಂದು ಒಬ್ಬರು, ಹೆಂಡತಿ ಕೈಗೆ ಕೊಡು ಎಂದು ಇನ್ನೊಬ್ಬರು. ಲಿಂಗಪ್ಪ ಬಸ್ಸಿನಿಂದಿಳಿದು ಕಾರನ್ನು ಮೇಲಿನ ಸಮತಟ್ಟಿನವರೆಗೆ ಓಡಿಸಿಕೊಟ್ಟು, ಮಳೆಯಲ್ಲಿ ನಡೆದು ಬಂದು ಮತ್ತೆ ಬಸ್ಸು ಹತ್ತಿದರು. ಅವರ ನೆನಪಿನಲ್ಲಿ ಉಳಿದದ್ದು ಕಾರಿನವರ ಮುಖ.

“ಅಳ್ತಾ ಇದ್ದ. ಹಿಂದೆ ಮಗ ಕೂತಿದ್ದ, ಹತ್ತು ವರ್ಷದವ್ನು ಇರ್ಬೇಕು, ಅಪ್ಪನ್ನ ನೋಡ್ಲಿಕ್ಕೆ ಆಗದೆ ಕಿಟಕಿ ಆಚೆ ನೋಡ್ತಾ ಇದ್ದ. ಗಾಡಿ ಏನೋ ಹತ್ತಿಸ್ದೆ. ಆ ಮುಖನ ಎಂತ ಮಾಡಾಕೆ ಆಯ್ತದೆ ಹೇಳಿ?”

ಕೊರೊನಾ ಕಾಲದಲ್ಲಿ ಬಸ್ಸು ನಿಂತದ್ದು ಮತ್ತೆ ಓಡಲಿಲ್ಲ. ಅಷ್ಟರವರೆಗೆ ರಜೆಯ ದಿನ ಮಾಡುತ್ತಿದ್ದ ಉಪಕಾರ ಆಮೇಲೆ ದಿನದ ಕೆಲಸವಾಯಿತು. ವನಜಮ್ಮ ಚಾ ಅಂಗಡಿ ಇಟ್ಟರು. ಅಂಗಡಿಯ ಬೆಂಚಿನ ಮೇಲೆ ಕೂತೇ ಲಿಂಗಪ್ಪ ಮೇಲಿನ ತಿರುವಿನಲ್ಲಿ ಎಂಜಿನ್ ನಿಂತ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ.

ಮೊದಮೊದಲು ಅವರು ಹೇಳುತ್ತಿದ್ದ ಸುಳ್ಳು ಬೇರೆ. ಬಾನೆಟ್ಟಿನ ಹತ್ತಿರ ಮೂಗು ತಂದು, ಕ್ಲಚ್ ಪ್ಲೇಟ್ ಕಾದ ವಾಸನೆ ಬರುತ್ತಿದೆ ಸಾರ್, ನಿಮ್ಮ ತಪ್ಪಲ್ಲ, ಗಾಡಿಯದ್ದೇ ತೊಂದರೆ, ನಾನು ಸ್ವಲ್ಪ ನೋಡುತ್ತೇನೆ ಎನ್ನುತ್ತಿದ್ದರು. ಯಜಮಾನರಿಗೆ ಸಮಾಧಾನ, ಮನೆಯವರೆದುರು ಮರ್ಯಾದೆ. ಎರಡು ವರ್ಷ ಈ ಸುಳ್ಳು ಚೆನ್ನಾಗಿಯೇ ಓಡಿತು. ಆಮೇಲೆ ದಾವಣಗೆರೆಯ ಕಿರಾಣಿ ವ್ಯಾಪಾರಿಯೊಬ್ಬರ ಫೋನ್ ಬಂತು. ಲಿಂಗಪ್ಪನವರ ಕಾಲಿಗೆ ಬೀಳಬೇಕು ಎಂದರಂತೆ ಅವರು. ಘಾಟಿ ಇಳಿದವರೇ ಯಾವುದೋ ಗ್ಯಾರೇಜಿಗೆ ಹೋಗಿ ಕ್ಲಚ್ ಬಿಚ್ಚಿಸಿದ್ದಾರೆ. ಮೆಕ್ಯಾನಿಕ್ ನೋಡಿ, ಪೂರಾ ಹೋಗಿದೆ, ನಿಮ್ಮ ಅದೃಷ್ಟ, ಇನ್ನು ಹತ್ತು ಕಿಲೋಮೀಟರಿಗೆ ಕಾರು ಕೈಬಿಡುತ್ತಿತ್ತು ಎಂದು ಹೊಸದು ಹಾಕಿಕೊಟ್ಟಿದ್ದಾನೆ.

ಈ ಕಥೆ ಹೇಳುವಾಗ ವನಜಮ್ಮ ಚಾ ಸೋಸುವುದನ್ನೂ ಬಿಟ್ಟು ನಗುತ್ತಾರೆ. ಲಿಂಗಪ್ಪ ನಗುವುದಿಲ್ಲ.

“ಬಂಗಾರದಂಥ ಕ್ಲಚ್ ಮಾರಾಯ್ರೆ. ನಾನೇ ಒತ್ತಿದ್ದೆ, ಬೆಣ್ಣೆ ಇದ್ದಂಗೆ ಇತ್ತು. ಅವತ್ತೇ ಅಂದ್ಕಂಡೆ, ಇನ್ನು ಸುಳ್ಳು ಹೇಳದಾದ್ರೆ ನನ್ನ ಮೇಲೇ ಹೇಳ್ಕಬೇಕು, ಗಾಡಿ ಮೇಲೆ ಹಾಕಬಾರ್ದು ಅಂತ.”

ಅಂದಿನಿಂದ ಬಸ್ಸು ತಪ್ಪಿದ ಬಡಪಾಯಿ ಅವರೇ. ಹೊಸ ಗಾಡಿ ಕಂಡರೆ ಆಸೆಪಡುವವರೂ ಅವರೇ. ಈ ವೇಷದಿಂದ ಅವರಿಗೆ ಆಗುವ ನಷ್ಟವೂ ಇದೆ. ತಾವೇ ಉಪಕಾರ ಮಾಡಿದೆವೆಂದು ನಿಜವಾಗಿ ನಂಬಿದವರು ಕೈಬೀಸಿ ಹೊರಟುಹೋಗುತ್ತಾರೆ. ತುಮಕೂರಿನ ಕಡೆಯ ಒಬ್ಬರಂತೂ ಇಳಿಯುವಾಗ ಪೆಟ್ರೋಲಿಗೆ ಏನಾದರೂ ಕೊಡಿ ಎಂದು ಕೇಳಿದ್ದರು. ಲಿಂಗಪ್ಪ ಜೇಬಿನಲ್ಲಿದ್ದದ್ದನ್ನು ಕೊಟ್ಟು, ಬಸ್ಸಿಗೆ ಚಿಲ್ಲರೆ ಉಳಿಯದೆ, ಕಾಲಿಗೆ ಅಂಟಿ ರಕ್ತ ಹೀರುವ ಇಂಬಳ ಕಿತ್ತುಕೊಳ್ಳುತ್ತಾ ನಡೆದುಕೊಂಡು ಬಂದರು. ಅರ್ಥ ಮಾಡಿಕೊಂಡವರು ಕೈತುಂಬ ಕೊಡುತ್ತಾರೆ. ಎರಡೂ ಸೇರಿ ಸಂಸಾರ ನಡೆಯುತ್ತದೆ.

ಬಾರ್ಡರಿನ ಕೂಡುರಸ್ತೆಗೆ ಸ್ವಲ್ಪ ಮೊದಲು, ಕೊನೆಯ ತಿರುವಿನ ಈಚೆಗೆ, ಅವರು ಗಾಡಿ ನಿಲ್ಲಿಸುತ್ತಾರೆ. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ಇಲ್ಲೇ ಇಳೀತೀನಿ, ಯಾರನ್ನೋ ನೋಡಬೇಕಿತ್ತು ಎಂದು ಹೇಳಿ ಕೀಲಿ ಕೊಡುತ್ತಾರೆ. ಆ ಒಂದು ತಿರುವು ಸುಲಭದ್ದು, ರಸ್ತೆ ಅಗಲ, ಎದುರು ಬರುವವರು ದೂರಕ್ಕೇ ಕಾಣುತ್ತಾರೆ. ಕೂಡುರಸ್ತೆಯ ಹತ್ತಿರ ಕಾರು ಬಂದು ನಿಲ್ಲುವಾಗ ಅದರ ಸ್ಟಿಯರಿಂಗ್ ಹಿಂದೆ ಅದರ ಯಜಮಾನರೇ ಇರುತ್ತಾರೆ. ಮಕ್ಕಳು ಕೆಳಗಿಳಿದು ಮೊದಲು ನೋಡುವುದು ಅದನ್ನೇ. ಇದನ್ನು ಯಾರಾದರೂ ಹೇಳಿಕೊಟ್ಟರೇ ಎಂದು ಕೇಳಿದರೆ, ಹೇಳಿಕೊಡುವುದು ಎಂತದ್ದು ಎಂದು ಅವರಿಗೇ ಆಶ್ಚರ್ಯ.

ಎಲ್ಲರೂ ನಂಬುತ್ತಾರೆ ಎಂದೇನೂ ಅವರು ಅಂದುಕೊಂಡಿಲ್ಲ. ಒಮ್ಮೆ ಹಿಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬರು, ಮಗ ಮೂತ್ರಕ್ಕೆಂದು ಇಳಿದಾಗ, ಲಿಂಗಪ್ಪನವರ ಭುಜ ಹಿಡಿದು ಹೇಳಿದರಂತೆ. ನನ್ನ ಮಗ ಸಣ್ಣವನಿದ್ದಾಗ ಜೋಕಾಲಿಗೂ ಹೆದರುತ್ತಿದ್ದ, ನಿನಗೆ ಗೊತ್ತಾಗಿದೆ ಅಂತ ನನಗೆ ಗೊತ್ತು, ಅವನಿಗೆ ಮಾತ್ರ ಗೊತ್ತಾಗುವುದು ಬೇಡ. ಮಗ ಬಂದು ಕೂತ. ಅಲ್ಲಿಂದ ಬಾರ್ಡರಿನವರೆಗೆ ಮೂವರೂ ಹವಾಮಾನದ ಬಗ್ಗೆಯೇ ಮಾತಾಡಿದರು.

ಬೈಕಿನವರ ವಿಷಯದಲ್ಲಿ ಮಾತ್ರ ಲಿಂಗಪ್ಪ ಕೈಚೆಲ್ಲುತ್ತಾರೆ. “ಅವ್ರಿಗೆ ಹೆದ್ರಿಕೆ ಇಲ್ಲ. ಅದೇ ತೊಂದ್ರೆ,” ಎನ್ನುತ್ತಾರೆ. ಬೈಕಿನವರು ವನಜಮ್ಮನವರ ಪಾಲು. ಮಂಜು ಇಳಿದಾಗ ಬಂದವರಿಗೆ ಅವರು ತುಟಿ ಸುಡುವಷ್ಟು ಬಿಸಿ ಚಾ ಕೊಡುತ್ತಾರೆ, ಅದೂ ದಪ್ಪ ಲೋಟದಲ್ಲಿ. ಚಾ ಆರುವುದರೊಳಗೆ ಒಂದಿಷ್ಟು ಮಂಜು ಏಳುತ್ತದೆ ಎಂಬ ಲೆಕ್ಕ ಅವರದು. ಅವಸರ ಮಾಡುವವರಿಗೆ ಬನ್ನು ಬೇರೆ ಕೊಡುತ್ತಾರೆ. ನನಗೆ ಬೆಳಿಗ್ಗೆಯಿಂದ ನಾಲ್ಕು ಬನ್ನು ಬಂದಿವೆ.

ವಿಚಿತ್ರವೆಂದರೆ, ಇಷ್ಟು ಜನರನ್ನು ಈ ಸುತ್ತಿನ ದಾರಿಯಲ್ಲಿ ದಾಟಿಸಿದ ಲಿಂಗಪ್ಪ ಒಮ್ಮೆಯೂ ಪೂರ್ತಿ ಸುತ್ತು ಹಾಕಿಲ್ಲ. ಬಾರ್ಡರಿಗೆ ಹೋಗುತ್ತಾರೆ, ಬಸ್ಸು ಹಿಡಿದು ವಾಪಸು ಬರುತ್ತಾರೆ. ನರಸಿಂಹರಾಜಪುರದ ಹಿನ್ನೀರು ಅವರಿಗೆ ಪ್ರವಾಸಿಗಳ ಮೊಬೈಲಿನಲ್ಲಿ ಕಂಡಷ್ಟೇ. ಎಲ್ಲರೂ ಅದೇ ಜಾಗದಲ್ಲಿ ನಿಂತು ಅದೇ ಫೋಟೊ ತೆಗೆಯುತ್ತಾರಲ್ಲ, ಅದರ ಆಚೆಗೆ ಎಂತ ಇದೆ ಎಂದು ಕೇಳುತ್ತಾರೆ. ಒಂದು ಸಲ ಹೆಂಡತಿಯ ಜೊತೆ ಹಿಂದಿನ ಸೀಟಿನಲ್ಲಿ ಕೂತು, ಬೇರೆ ಯಾರೋ ಓಡಿಸುವ ಗಾಡಿಯಲ್ಲಿ, ಇಡೀ ಸುತ್ತು ನೋಡಬೇಕು ಎಂಬುದು ಅವರ ಆಸೆ. ವನಜಮ್ಮನಿಗೆ ಇದರಲ್ಲಿ ನಂಬಿಕೆಯಿಲ್ಲ. ಹಿಂದಿನ ಸೀಟಿನಲ್ಲಿ ಕೂತರೂ ಇವರ ಕಾಲು ಬ್ರೇಕು ಒತ್ತುತ್ತಲೇ ಇರುತ್ತದೆ, ಪಕ್ಕದಲ್ಲಿ ಕೂತವರ ಪಾದಕ್ಕೇ ಪೆಟ್ಟು ಎನ್ನುತ್ತಾರೆ.

ಹನ್ನೊಂದರ ಹೊತ್ತಿಗೆ ಮಂಜು ಇಳಿಯುತ್ತದೆ. ಮೊದಲು ಎದುರಿನ ಗುಡ್ಡ ಹೋಗುತ್ತದೆ, ಆಮೇಲೆ ರಸ್ತೆಯಾಚೆಯ ಮರಗಳು, ಆಮೇಲೆ ರಸ್ತೆಯೇ. ದೀಪ ಹಾಕಿಕೊಂಡು ಗಾಡಿಗಳು ಬರುತ್ತವೆ, ಹೋಗುತ್ತವೆ. ಲಿಂಗಪ್ಪ ಬೆಂಚಿನ ಮೇಲೆ ಕೂತು ಬಲಗಣ್ಣು ಮುಚ್ಚಿ ನೋಡುತ್ತಾರೆ, ತೆರೆದು ನೋಡುತ್ತಾರೆ. ಮೇಲಿನ ತಿರುವಿನಲ್ಲಿ ಒಂದು ಎಂಜಿನ್ ತಡವರಿಸಿದಾಗ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ವನಜಮ್ಮ ಅವರ ಕೈಗೆ ಈರುಳ್ಳಿಯ ಬುಟ್ಟಿ ಕೊಡುತ್ತಾರೆ. ಎಂಜಿನ್ ಹೇಗೋ ಚೇತರಿಸಿಕೊಂಡು ಮೇಲೇರುತ್ತದೆ. ಲಿಂಗಪ್ಪ ಈರುಳ್ಳಿ ಸುಲಿಯುತ್ತಾರೆ.

ಅಷ್ಟರಲ್ಲಿ ಬೂದು ಬಣ್ಣದ ದೊಡ್ಡ ಕಾರೊಂದು ಅಂಗಡಿಯ ಮುಂದೆ ನಿಲ್ಲುತ್ತದೆ. ಇಳಿದವರು ಹಾವೇರಿಯ ಧರ್ಮೇಶ್, ಕಾಲೇಜಿನಲ್ಲಿ ಪಾಠ ಹೇಳುತ್ತಾರಂತೆ. ಜೊತೆಗೆ ಹೆಂಡತಿ, ಇಬ್ಬರು ಮಕ್ಕಳು, ಮಾವ. ಮಾವ ಇಳಿದವರೇ, ಬೆಳಗಿನಿಂದ ಅಳಿಯಂದಿರು ಎರಡನೇ ಗೇರಿನಲ್ಲೇ ದೇಶ ಸುತ್ತಿಸುತ್ತಿದ್ದಾರೆ ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳುತ್ತಾರೆ. ಧರ್ಮೇಶ್ ನಗುವ ಪ್ರಯತ್ನ ಮಾಡುತ್ತಾರೆ. ಚಾ ಲೋಟ ಹಿಡಿದು ರಸ್ತೆಯ ಕಡೆ ಬಗ್ಗಿ ನೋಡುತ್ತಾರೆ. ಇನ್ನು ಎಷ್ಟು ತಿರುವು ಎಂದು ವನಜಮ್ಮನನ್ನು ಕೇಳುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳುತ್ತಾರೆ. ಒಂದು ಗಂಟೆ ಕಾದರೆ ಮಂಜು ಏಳುತ್ತದೆ, ಬೆಂಚಿದೆ, ಒಲೆಯಿದೆ, ಕೂತುಕೊಳ್ಳಿ ಎನ್ನುತ್ತಾರೆ ವನಜಮ್ಮ. ಒಂದು ಗಂಟೆ ಯಾಕೆ, ಇಲ್ಲೇ ಮನೆ ಕಟ್ಟಿಸೋಣ ಎನ್ನುತ್ತಾರೆ ಮಾವ.

ಲಿಂಗಪ್ಪ ತಲೆ ಎತ್ತುವುದಿಲ್ಲ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವರ ಬಸ್ಸು ತಪ್ಪಿಹೋಗಿರುತ್ತಿತ್ತು.

ಧರ್ಮೇಶ್ ಲೋಟ ಕೆಳಗಿಟ್ಟು ಸುತ್ತ ನೋಡುತ್ತಾರೆ. ಬೆಂಚಿನ ಮೇಲಿರುವ ಕೊಡೆ ನೋಡುತ್ತಾರೆ, ಲುಂಗಿ ನೋಡುತ್ತಾರೆ, ಹತ್ತಿರ ಬರುತ್ತಾರೆ. ದನಿ ತಗ್ಗಿಸಿ, ಹೋದ ವರ್ಷ ತನ್ನ ಸ್ನೇಹಿತನೊಬ್ಬ ಈ ದಾರಿಯಲ್ಲಿ ಬಂದಿದ್ದ ಎಂದು ಹೇಳುತ್ತಾರೆ. ಕೆರೆಕಟ್ಟೆಯಲ್ಲಿ ಒಬ್ಬರು ಲಿಫ್ಟ್ ಕೇಳುತ್ತಾರೆ, ಕೇಳಿದರೆ ಕೊಡು, ಓಡಿಸಲು ಕೇಳಿದರೆ ಅದನ್ನೂ ಕೊಡು ಎಂದು ಆತ ಹೇಳಿ ಕಳಿಸಿದ್ದನಂತೆ. ಆ ಮಾತಿನ ಧೈರ್ಯದ ಮೇಲೆಯೇ ಮನೆಯವರನ್ನು ಹೊರಡಿಸಿಕೊಂಡು ಬಂದದ್ದು.

“ನೀವು ಇನ್ನೂ ಕೇಳ್ಲೇ ಇಲ್ಲಲ್ರೀ,” ಎನ್ನುತ್ತಾರೆ ಧರ್ಮೇಶ್.

ಲಿಂಗಪ್ಪನವರ ಕೈಯಲ್ಲಿ ಅರ್ಧ ಸುಲಿದ ಈರುಳ್ಳಿ. ವನಜಮ್ಮ ಸೌಟು ಹಿಡಿದು ನಿಂತಿದ್ದಾರೆ. ಪಕ್ಕದ ಬೆಂಚಿನಲ್ಲಿ ಚಾ ಕುಡಿಯುತ್ತಿರುವ ಇಬ್ಬರು ಈ ದಾರಿಯ ಬಸ್ಸಿನವರೇ, ಒಬ್ಬ ಡ್ರೈವರು, ಒಬ್ಬ ಕಂಡಕ್ಟರು. ಲಿಂಗಪ್ಪನವರ ಹಳೆಯ ಪರಿಚಯ. ಸಂಜೆಯೊಳಗೆ ಇಲ್ಲಿನ ಮಾತು ಶೃಂಗೇರಿಯ ಸ್ಟ್ಯಾಂಡಿನಲ್ಲೂ ಇರುತ್ತದೆ, ಕಾರ್ಕಳದ ಸ್ಟ್ಯಾಂಡಿನಲ್ಲೂ ಇರುತ್ತದೆ. ಮನೆಯಲ್ಲಿ ಕೆಲಸವಿದೆ ಎನ್ನಬಹುದು. ಸೊಂಟ ಹಿಡಿದಿದೆ ಎನ್ನಬಹುದು. ತಮ್ಮ ಮೇಲೆ ಹೇಳಿಕೊಳ್ಳುವ ಸುಳ್ಳುಗಳಿಗೆ ಲಿಂಗಪ್ಪನವರಲ್ಲಿ ಎಂದೂ ಬರವಿಲ್ಲ. ಆದರೆ ಸೊಂಟಕ್ಕೆ ಧರ್ಮೇಶ್ ಬಿಡುವವರಂತೆ ಕಾಣುವುದಿಲ್ಲ. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿಕೊಡುತ್ತೇನೆ, ನಿಧಾನವಾಗಿಯೇ ಹೋಗೋಣ ಎಂದುಬಿಟ್ಟಾರು. ಕಾರಿನ ಹತ್ತಿರ ನಿಂತು ಮಾವ ಜೋರಾಗಿ, ಏನು ನಡೆದಿದೆ ಅಲ್ಲಿ ಎಂದು ಕೇಳುತ್ತಿದ್ದಾರೆ. ಮಕ್ಕಳಲ್ಲಿ ದೊಡ್ಡವಳು ಗಾಜಿಗೆ ಹಣೆ ಒತ್ತಿ ಅಪ್ಪನನ್ನೇ ನೋಡುತ್ತಿದ್ದಾಳೆ.

ಧರ್ಮೇಶ್ ಮಾವನ ಕಡೆ ತಿರುಗುತ್ತಾರೆ. ಈಗ ಅವರ ದನಿ ದೊಡ್ಡದು.

“ಇವರಿಗೆ ಬಾರ್ಡರ್‌ತನಕ ಹೋಗೋದೈತಂತ್ರಿ, ಬಸ್ಸಿಲ್ಲಂತ. ಹಳೇ ಡ್ರೈವರ್ ಅದಾರ, ನಮ್ಮ ಗಾಡಿ ಓಡಿಸಿ ನೋಡೋ ಆಸೆ ಐತಂತ.” ಆಮೇಲೆ ಕೀಲಿಯನ್ನು ಲಿಂಗಪ್ಪನವರ ಮುಂದೆ ಹಿಡಿಯುತ್ತಾರೆ. “ತಗೋರಿ. ಸಂಕೋಚ ಬ್ಯಾಡ.”

ಲಿಂಗಪ್ಪ ಈರುಳ್ಳಿಯನ್ನು ಬುಟ್ಟಿಗೆ ಹಾಕಿ ಎದ್ದು ನಿಲ್ಲುತ್ತಾರೆ. ಕೀಲಿಯ ಕಡೆ ಕೈ ಚಾಚುವುದಿಲ್ಲ. ಬಸ್ಸಿನವರ ಕಡೆ ಒಮ್ಮೆ ನೋಡುತ್ತಾರೆ, ಕಾರಿನ ಗಾಜಿನ ಹಿಂದಿರುವ ಹುಡುಗಿಯ ಕಡೆ ಒಮ್ಮೆ ನೋಡುತ್ತಾರೆ. ಮಾತಾಡಿದಾಗ ದನಿ ಅಂಗಡಿಯ ಕೊನೆಯ ಬೆಂಚಿಗೂ ಕೇಳುವಷ್ಟಿದೆ.

“ಇಲ್ಲ ಸಾರ್, ನಾ ಓಡ್ಸಲ್ಲ. ಮಂಜಲ್ಲಿ ನಂಗೆ ಕಣ್ಣು ಕಾಣ್ಸಲ್ಲ.”